ಹೈದರಾಬಾದಿನಲ್ಲಿ ಎಣಿಸದೇ ಉಳಿದ ಎರಡು ಮತಗಳು

1955ರ ನವೆಂಬರ್ ಕೊನೆಯ ವಾರ. ಹೈದರಾಬಾದ್ ರಾಜ್ಯದ ವಿಧಾನಸಭೆ ತನ್ನದೇ ಸಾವಿನ ಬಗ್ಗೆ ಚರ್ಚೆಗೆ ಕೂತಿತ್ತು. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ಎರಡು ತಿಂಗಳ ಹಿಂದಷ್ಟೇ ವರದಿ ಕೊಟ್ಟಿತ್ತು. ಮರಾಠಿ ಜಿಲ್ಲೆಗಳು ಒಂದು ಕಡೆ, ರಾಯಚೂರು ಮತ್ತು ಗುಲ್ಬರ್ಗ ಕರ್ನಾಟಕದ ಕಡೆ. ಉಳಿದ ತೆಲುಗು ಜಿಲ್ಲೆಗಳ ಜೊತೆ ಬೀದರ್ ಸೇರಿ ಸದ್ಯಕ್ಕೆ ಹೈದರಾಬಾದ್ ರಾಜ್ಯವಾಗಿಯೇ ಇರಲಿ ಎಂಬುದು ಆಯೋಗದ ಸಲಹೆ. 1961ರ ಸುಮಾರಿಗೆ ನಡೆಯುವ ಚುನಾವಣೆಯ ನಂತರ ಅಲ್ಲಿನ ವಿಧಾನಸಭೆ ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಿದರೆ ಮಾತ್ರ ಅದು ಆಂಧ್ರದೊಡನೆ ಕೂಡಬಹುದಿತ್ತು.

ಮೂರನೇ ಎರಡು ಎಂದಮೇಲೆ ತಲೆ ಎಣಿಸಲೇಬೇಕು. ಆದರೆ ಅಷ್ಟು ವರ್ಷ ಕಾಯುವ ಮನಸ್ಸು ಮುಖ್ಯಮಂತ್ರಿ ಬೂರ್ಗುಲ ರಾಮಕೃಷ್ಣರಾಯರ ಕಾಂಗ್ರೆಸ್ಸಿನಲ್ಲೂ ಬಹುಮಂದಿಗೆ ಇರಲಿಲ್ಲ, ವಿಶಾಲಾಂಧ್ರ ಬೇಕೆನ್ನುತ್ತಿದ್ದ ಕಮ್ಯುನಿಸ್ಟರಿಗೂ ಇರಲಿಲ್ಲ. ಸದನದಲ್ಲಿ ದಿನಗಟ್ಟಲೆ ಭಾಷಣಗಳಾದವು. ಡಿಸೆಂಬರ್ 3ಕ್ಕೆ ಚರ್ಚೆ ಮುಗಿಯಿತು. ನಿರ್ಣಯವನ್ನು ಮಾತ್ರ ಮತಕ್ಕೆ ಹಾಕಲಿಲ್ಲ.

ಹಾಗಿದ್ದೂ ಈ ಚರ್ಚೆಯ ಲೆಕ್ಕ ಇತಿಹಾಸದಲ್ಲಿ ಉಳಿದಿದೆ. 174 ಶಾಸಕರ ಪೈಕಿ ಅಭಿಪ್ರಾಯ ಹೇಳಿದವರು 147. ವಿಶಾಲಾಂಧ್ರದ ಪರ 103, ವಿರುದ್ಧ 29, ತಟಸ್ಥರು 15. ಇದು ಭಾಷಣಗಳಿಂದ ಹೆಕ್ಕಿದ ಲೆಕ್ಕ, ಮತದಾನದ್ದಲ್ಲ. ಮಾತಾಡಿದವರ ಮೂರನೇ ಎರಡು ಭಾಗ 98, ಇಡೀ ಸದನದ್ದು 116. 103 ಎಂಬ ಸಂಖ್ಯೆ ಇವೆರಡರ ನಡುವೆ ಕೂತಿದೆ. ಯಾವ ಅಳತೆ ಹಿಡಿಯುತ್ತೀರೋ ಆ ಉತ್ತರ ಸಿಗುತ್ತದೆ! ಸಾಲದ್ದಕ್ಕೆ ಆ 103ರಲ್ಲಿ ಕನ್ನಡ, ಮರಾಠಿ ಜಿಲ್ಲೆಗಳ ಸದಸ್ಯರೂ ಇದ್ದರು. ವರ್ಷ ತುಂಬುವುದರೊಳಗೆ ಮೈಸೂರಿಗೋ ಮುಂಬಯಿಗೋ ಸೇರಲಿದ್ದವರು ತೆಲಂಗಾಣದ ಭವಿಷ್ಯಕ್ಕೆ ತಲೆಯಾಡಿಸಿ ಹೋದರು. ತೆಲಂಗಾಣದವರನ್ನಷ್ಟೇ ತೆಗೆದುಕೊಂಡರೆ ಪರ 59, ವಿರುದ್ಧ 25. 1956ರ ನವೆಂಬರ್ 1ರಂದು ಆಂಧ್ರಪ್ರದೇಶ ಹುಟ್ಟಿತು. ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಲಾಯಿತು: ಬೀದರ್, ಭಾಲ್ಕಿ, ಹುಮನಾಬಾದ್ ಇತ್ತ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ, ಉದಗೀರ ಮುಂಬಯಿಗೆ.

ಐವತ್ತೆಂಟು ವರ್ಷಗಳ ಮೇಲೆ ಅದೇ ಊರಿನಲ್ಲಿ ಅದೇ ಪ್ರಶ್ನೆ ತಿರುಗುಮುರುಗಾಗಿ ಬಂತು. ರಾಜ್ಯ ಒಡೆಯುವ ಮಸೂದೆಯನ್ನು ರಾಷ್ಟ್ರಪತಿಗಳು ಸಂವಿಧಾನದ 3ನೇ ವಿಧಿಯಂತೆ ಆಂಧ್ರಪ್ರದೇಶ ವಿಧಾನಸಭೆಯ ಅಭಿಪ್ರಾಯಕ್ಕೆ ಕಳಿಸಿದ್ದರು. 2014ರ ಜನವರಿ 30, ಕೊಟ್ಟ ಗಡುವಿನ ಕೊನೆಯ ದಿನ. ಮಸೂದೆಯನ್ನು ತಿರಸ್ಕರಿಸಬೇಕೆಂಬ ಮುಖ್ಯಮಂತ್ರಿ ಕಿರಣ್ ಕುಮಾರ್ ರೆಡ್ಡಿಯವರ ನಿರ್ಣಯವನ್ನು ಸ್ಪೀಕರ್ ನಾದೆಂಡ್ಲ ಮನೋಹರ್ ಗದ್ದಲದ ನಡುವೆಯೇ ಧ್ವನಿಮತಕ್ಕೆ ಹಾಕಿ, ಅಂಗೀಕಾರವಾಯಿತೆಂದು ಘೋಷಿಸಿದರು.

ತಲೆ ಎಣಿಸಿದ್ದರೆ ಫಲಿತಾಂಶ ಬದಲಾಗುತ್ತಿರಲಿಲ್ಲವೇನೋ. 294 ಕ್ಷೇತ್ರಗಳಲ್ಲಿ 175 ಆಂಧ್ರ-ರಾಯಲಸೀಮೆಯವು, 119 ತೆಲಂಗಾಣದವು. ಆದರೆ 3ನೇ ವಿಧಿ ಕೇಳುವುದು ಅಭಿಪ್ರಾಯವನ್ನು ಮಾತ್ರ. ರಾಜ್ಯ ಒಪ್ಪಲಿ ಬಿಡಲಿ, ಸಂಸತ್ತು ಮುಂದುವರಿಯಬಹುದು. ಸರ್ಕಾರ ಬೀಳಿಸುವ ಮತದಲ್ಲಿ ಸಂಖ್ಯೆಯೇ ಮುಖ್ಯ. 2019ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿದ್ದಾಗ ಸದಸ್ಯರನ್ನು ಸಾಲು ಸಾಲಾಗಿ ನಿಲ್ಲಿಸಿ ಎಣಿಸಿದ್ದರು. ಫಲಿತಾಂಶಕ್ಕೆ ಬಲವೇ ಇಲ್ಲದ ಕಡೆ ಉಳಿಯುವುದು ಸಾಕ್ಷಿಯ ಬೆಲೆಯೊಂದೇ, ಹೆಸರಿಲ್ಲದ ಸಾಕ್ಷಿಗೆ ಅದೂ ಇಲ್ಲ. ಕಾಂಗ್ರೆಸ್ಸೂ ತೆಲುಗುದೇಶಂ ಕೂಡ ಪ್ರಾದೇಶಿಕವಾಗಿ ಒಳಗೇ ಸೀಳಿದ್ದವು. ದೆಹಲಿಯಲ್ಲಿ ಮಸೂದೆ ತಂದಿದ್ದ ಪಕ್ಷದ್ದೇ ಮುಖ್ಯಮಂತ್ರಿ ಹೈದರಾಬಾದಿನಲ್ಲಿ ಅದನ್ನು ತಿರಸ್ಕರಿಸಿದ್ದರು. ಆ ದಿನ ಹೆಸರು ಬರೆದುಕೊಂಡಿದ್ದರೆ ಯಾವ ಪಕ್ಷದ ಯಾರು ಎತ್ತ ನಿಂತರೆಂಬುದು ಕಡತದಲ್ಲಿ ಉಳಿಯುತ್ತಿತ್ತು. ಧ್ವನಿಮತ ಎಲ್ಲರನ್ನೂ ಉಳಿಸಿತು.

ಇಪ್ಪತ್ತು ದಿನ ಕಳೆಯುವುದರೊಳಗೆ, ಫೆಬ್ರವರಿ 18ರಂದು, ಲೋಕಸಭೆಯೂ ಮಸೂದೆಯನ್ನು ಧ್ವನಿಮತದಿಂದಲೇ ಪಾಸು ಮಾಡಿತು. ಅಲ್ಲಿ ಟಿವಿ ನೇರಪ್ರಸಾರವೂ ನಿಂತಿತ್ತು. ಮತ ವಿಭಜನೆಯನ್ನು ಅನಗತ್ಯವಾಗಿ ಕೇಳಲಾಗಿದೆ ಎಂದು ಸ್ಪೀಕರಿಗೆ ಅನಿಸಿದರೆ ಸದಸ್ಯರನ್ನು ನಿಲ್ಲಿಸಿ ಎಣಿಸಿದರೆ ಸಾಕು, ಹೆಸರು ದಾಖಲಿಸಬೇಕಿಲ್ಲ ಎನ್ನುತ್ತದೆ ಲೋಕಸಭೆಯ 367ನೇ ನಿಯಮ. ಅಗತ್ಯವೋ ಅನಗತ್ಯವೋ ಎಂದು ತೀರ್ಮಾನಿಸುವವರು ಪೀಠದಲ್ಲಿ ಕೂತವರೊಬ್ಬರೇ.