ಹಳೇ ಅಂಗಿಗೆ ಹೊಸ ಗಿರಾಕಿ



ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಒಂದು ಜೊಂಪು ಹತ್ತಬೇಕು ಅನ್ನುವಾಗ ಕಟ್ಟಡದ ಕೆಳಗಿನಿಂದ ಬರುತ್ತಿದ್ದ ಆ ಕೂಗು ನೆನಪಿದೆಯೇ? ಮುಂಬೈಯಲ್ಲಿ ಬೆಳೆದವರಿಗೆ ಬೋಹಾರೀಣ್ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಹೆಗಲಲ್ಲಿ ಹಳೇ ಬಟ್ಟೆಯ ಗಂಟು. ನಮ್ಮಮ್ಮ ಎರಡು ಸೀರೆ, ಅಪ್ಪನ ಮೂರು ಪ್ಯಾಂಟು ಮುಂದಿಟ್ಟು ಒಂದು ಡಬ್ಬಿ ಕೇಳುತ್ತಿದ್ದರು. ಆಕೆ ಪ್ಯಾಂಟಿನ ಹಿಂಭಾಗವನ್ನು ಬೆಳಕಿಗೆ ಹಿಡಿದು, ಹೊಲಿಗೆ ಎಳೆದು, ಜಿಪ್ಪು ಎರಡು ಸಲ ಮೇಲೆ ಕೆಳಗೆ ಮಾಡಿ, "ಇನ್ನೊಂದು ಸೀರೆ ಹಾಕಿ ಬಾಯಿ" ಅನ್ನುತ್ತಿದ್ದಳು. ಅರ್ಧ ಗಂಟೆ ಚೌಕಾಸಿ! ಆ ಡಬ್ಬಿಯಲ್ಲಿ ಅಮ್ಮ ಇವತ್ತಿಗೂ ತೊಗರಿಬೇಳೆ ತುಂಬಿಡುತ್ತಾರೆ.

ಬೋಹಾರೀಣ್ ಬೆರಳಲ್ಲಿ ಮಾಡುತ್ತಿದ್ದ ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಲು ಹೊರಟ ಒಬ್ಬ ವಿದ್ಯಾರ್ಥಿಯ ಕಥೆ ಇವತ್ತು ಹೇಳುತ್ತೇನೆ. ಅದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ, ಹಾರ್ವರ್ಡ್ ವಿಶ್ವವಿದ್ಯಾಲಯ ಇರುವ ಕೇಂಬ್ರಿಜ್ ಎಂಬ ಊರಿಗೆ ಹೋಗಬೇಕು.

ಹಾರ್ವರ್ಡ್ ಹುಡುಗರಿಗೂ ಹಳೇ ಬಟ್ಟೆಗೂ ನಂಟು ಹಳೆಯದು. 1895ರಲ್ಲಿ ಮ್ಯಾಕ್ಸ್ ಕೀಜರ್ ಎಂಬಾತ ಅಲ್ಲಿ ಅಂಗಡಿ ಇಟ್ಟ. ಕೈಖರ್ಚಿನ ದುಡ್ಡು ಮುಗಿಸಿಕೊಂಡ ಶ್ರೀಮಂತ ವಿದ್ಯಾರ್ಥಿಗಳು ತಮ್ಮ ಸೂಟು ಕೋಟುಗಳನ್ನು ಅವನಿಗೆ ಮಾರುತ್ತಿದ್ದರು. ಅದನ್ನೇ ಅವನು ಕಡಿಮೆ ಬೆಲೆಗೆ ಬೇರೆಯವರಿಗೆ ಮಾರುತ್ತಿದ್ದ. ಏಳು ವರ್ಷಗಳ ನಂತರ, 1902ರಲ್ಲಿ, ನದಿಯಾಚೆಯ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಇನ್ನೊಂದು ದಾರಿ ಹಿಡಿದರು. ಉಳ್ಳವರ ಮನೆಗಳಿಂದ ಗೋಣಿಚೀಲಗಳಲ್ಲಿ ಹಳೇ ಬಟ್ಟೆ, ಸಾಮಾನು ತಂದು, ಕೆಲಸವಿಲ್ಲದ ಬಡವರಿಂದ ರಿಪೇರಿ ಮಾಡಿಸಿ, ಅವರಿಗೆ ಕೂಲಿ ಕೊಟ್ಟು, ಬಟ್ಟೆಯನ್ನು ಅಗ್ಗದಲ್ಲಿ ಮಾರಿಸಿದರು. ಮುಂದೆ 'ಗುಡ್‌ವಿಲ್' ಎಂದು ಹೆಸರಾದದ್ದು ಇದೇ ಸಂಸ್ಥೆ. ಇಲ್ಲಿ ತೇಪೆ ಹಾಕುವ ಕೈಗೂ ಸಂಬಳವಿತ್ತು ಎಂಬುದನ್ನು ಸ್ವಲ್ಪ ನೆನಪಿಡಿ.

ಈಗ 2009ಕ್ಕೆ ಬನ್ನಿ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಜೇಮ್ಸ್ ರೈನ್‌ಹಾರ್ಟ್‌ಗೆ ಕಪಾಟು ತುಂಬ ಬಟ್ಟೆ, ಆದರೆ ಹಾಕಿಕೊಳ್ಳುವುದು ನಾಲ್ಕೇ. ಕೈಯಲ್ಲಿ ಕಾಸಿಲ್ಲ. ಹಳೇ ಬಟ್ಟೆ ಅಂಗಡಿಗೆ ಹೊತ್ತುಕೊಂಡು ಹೋದರೆ, ದೊಡ್ಡ ಬ್ರ್ಯಾಂಡಿನದಲ್ಲ, ನಮಗೆ ಬೇಡ ಎಂದರು. ಅದೇ ವರ್ಷ ಇಬ್ಬರು ಜೊತೆಗಾರರೊಡನೆ ಸೇರಿ 'ಥ್ರೆಡ್‌ಅಪ್' ಎಂಬ ವೆಬ್‌ಸೈಟ್ ಕಟ್ಟಿದ. ನಿನ್ನ ಅಂಗಿ ನನಗೆ, ನನ್ನ ಅಂಗಿ ನಿನಗೆ, ನಡುವೆ ಅಂಚೆ. ಅಷ್ಟೇ ಉಪಾಯ. 2010ರಲ್ಲಿ ಮಕ್ಕಳ ಬಟ್ಟೆಗೆ ತಿರುಗಿದರು. ಜಾಣತನದ ಮಾತೇ, ಏಕೆಂದರೆ ಮಗುವಿನ ಫ್ರಾಕು ಹರಿಯುವ ಮೊದಲೇ ಗಿಡ್ಡವಾಗುತ್ತದೆ.

ಆದರೆ ಹಳೇ ಬಟ್ಟೆಯ ವ್ಯಾಪಾರದಲ್ಲಿ ಒಂದು ಗಂಟು ಇದೆ ನೋಡಿ. ಹೊಸ ಬಟ್ಟೆಯಾದರೆ ಒಂದು ಫೋಟೋ ಹಾಕಿ ಸಾವಿರ ಅಂಗಿ ಮಾರಬಹುದು. ಹಳೆಯದರಲ್ಲಿ ಪ್ರತಿ ಅಂಗಿಯೂ ಬೇರೆ. ಒಂದರ ಕಾಲರ್ ಸವೆದಿದೆ, ಇನ್ನೊಂದರಲ್ಲಿ ಸಾರಿನ ಕಲೆ. "ಚೆನ್ನಾಗಿದೆ" ಅಂತ ಕಳಿಸುವವರ ಮಾತನ್ನು ನಂಬುವುದು ಹೇಗೆ? ಯೂರೋಪಿನ ಲಿಥುವೇನಿಯಾದಲ್ಲಿ 2008ರಲ್ಲಿ ಶುರುವಾದ 'ವಿಂಟೆಡ್' ಇದಕ್ಕೆ ಕಂಡುಕೊಂಡ ದಾರಿ, ಬಟ್ಟೆ ಕೈಸೇರಿ ಸರಿಯಾಗಿದೆ ಎನ್ನುವವರೆಗೆ ಕೊಂಡವರ ಹಣವನ್ನು ತಾನೇ ಹಿಡಿದಿಟ್ಟುಕೊಳ್ಳುವುದು.

ಥ್ರೆಡ್‌ಅಪ್ ಬೇರೆ ದಾರಿ ಹಿಡಿಯಿತು. 2012ರಲ್ಲಿ ಜನರ ಮನೆಗೆ ಖಾಲಿ ಚೀಲ ಕಳಿಸಿ, ತುಂಬಿ ವಾಪಸ್ ಕಳಿಸಿ ಎಂದಿತು. ಹೆಲ್ಮ್ಸ್ ಪಾದ್ರಿಯ ಗೋಣಿಚೀಲ, 110 ವರ್ಷದ ನಂತರ, ಅದೇ ಸೀಮೆಯಲ್ಲಿ ಹುಟ್ಟಿದ ಕಂಪನಿಯ ಕೈಗೆ! ಗೋದಾಮಿನಲ್ಲಿ ಪ್ರತಿ ಬಟ್ಟೆಯ ಫೋಟೋ ತೆಗೆಯುತ್ತಾರೆ, ಬೆಲೆಯನ್ನು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆದರೆ ಅದಕ್ಕೂ ಮೊದಲು ಬಟ್ಟೆಯನ್ನು ಬಿಡಿಸಿ, ತಿರುವಿ, ಕಲೆ ಹುಡುಕುವುದು ಮನುಷ್ಯರೇ. ಅಂದರೆ ಬೋಹಾರೀಣ್ ಬಾಗಿಲಲ್ಲಿ ಮಾಡುತ್ತಿದ್ದದ್ದು! 2021ರ ಮಾರ್ಚ್‌ನಲ್ಲಿ ಕಂಪನಿ ಅಮೆರಿಕದ ಶೇರು ಪೇಟೆ ಪ್ರವೇಶಿಸಿತು.

ನನಗೆ ಚುಚ್ಚುವುದು ಬೇರೆ ಎರಡು ಸಂಗತಿ. ಅಗ್ಗದ ಬಟ್ಟೆ ಕೊಟ್ಟವರಿಗೆ ಅಲ್ಲಿ ಸಿಗುವ ಪಾಲು ಬಹಳ ಸಣ್ಣದು, ಚೌಕಾಸಿಗೆ ಯಾರೂ ಎದುರಿಗಿಲ್ಲ. ಇನ್ನೊಂದು, ಹರಿದ ಬಟ್ಟೆಗೆ ಅಲ್ಲಿ ಸೂಜಿ ದಾರವಿಲ್ಲ, ಅದು ನಪಾಸು. ಹೆಲ್ಮ್ಸ್ ಕೂಲಿ ಕೊಟ್ಟ ತೇಪೆಯ ಕೈ ಈ ಲೆಕ್ಕದಲ್ಲಿ ಬಿಟ್ಟುಹೋಗಿದೆ.

ನಮ್ಮಲ್ಲಿ ಆ ಕೈ ಇನ್ನೂ ಇದೆ. ದೆಹಲಿಯ ರಘುಬೀರ್ ನಗರದ ಘೋಡಾ ಮಂಡಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಹಳೇ ಬಟ್ಟೆಯ ಸಂತೆ ನೆರೆಯುತ್ತದೆ. ಮನೆಮನೆ ಸುತ್ತಿ ಪಾತ್ರೆ ಕೊಟ್ಟು ಬಟ್ಟೆ ತಂದ ಹೆಂಗಸರು, ಹೆಚ್ಚಿನವರು ಗುಜರಾತ್ ಮೂಲದ ದೇವಿಪೂಜಕ ಸಮುದಾಯದವರು, ಅಲ್ಲಿ ಮಾರುತ್ತಾರೆ. ಕೊಂಡವರು ಒಗೆದು, ಹೊಲಿದು, ಇಸ್ತ್ರಿ ಮಾಡಿ ಮತ್ತೆ ಮಾರುತ್ತಾರೆ. ತೀರಾ ಸವೆದ ಉಣ್ಣೆ ಪಾಣಿಪತ್ತಿನ ಗಿರಣಿ ಸೇರಿ ಕಂಬಳಿಯಾಗುತ್ತದೆ. ಹುಬ್ಬಳ್ಳಿ, ಧಾರವಾಡದ ಕಡೆಯವರಿಗಂತೂ ಕೌದಿಯ ಬೆಚ್ಚಗೆ ಗೊತ್ತೇ ಇದೆ.

ಕಳೆದ ದೀಪಾವಳಿಗೆ ಅಮ್ಮನಿಗೆ ಫೋನಿನಲ್ಲಿ ಇಂಥದ್ದೊಂದು ಆಪ್ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಮುಟ್ಟಿ ನೋಡೋದು ಹೇಗೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇದ್ದರೆ, ಯಾವ ಸೀರೆ ಕೊಟ್ಟು ತಂದದ್ದು ಎಂದು ಬರೆದು ಕಳಿಸಿ. ಕಾರ್ಯಕ್ರಮದಲ್ಲಿ ಓದುತ್ತೇನೆ.