ಛಲವೋ ಮತ್ಸರವೋ: ಏಕಾಂತದ ರಾಮಯ್ಯನ ಶಾಸನ ಮತ್ತು ದೇವರ ಈರ್ಷ್ಯೆಯ ಪ್ರಶ್ನೆ

ನಿಲಂಗಾದ ನೀಲಕಂಠೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ವಾಸ್ತುಪರಂಪರೆಗೆ ಸಲ್ಲುವ ತ್ರಿಕೂಟ. ಒಂದೇ ನವರಂಗಕ್ಕೆ ಬಾಗಿಲು ತೆರೆಯುವ ಗರ್ಭಗುಡಿಗಳಲ್ಲಿ ಶಿವನಿಗೂ ವಿಷ್ಣುವಿಗೂ ಅಲ್ಲಿ ನೆಲೆಯಿದೆ. ಒಬ್ಬ ದೇವರ ಪೂಜೆ ಇನ್ನೊಬ್ಬ ದೇವರಿಗೆ ಅಪಚಾರವಾಗುವುದಿಲ್ಲವೆಂಬುದು ಆ ಕಟ್ಟಡದ ಕಲ್ಲಿನಲ್ಲೇ ಅಡಗಿರುವ ನಂಬಿಕೆ. ನಿಲಂಗಾದಿಂದ ದಕ್ಷಿಣಕ್ಕೆ ಹೊರಟು ಉಮರ್ಗಾ ದಾಟಿದರೆ ಕಲಬುರಗಿ ಜಿಲ್ಲೆಯ ಆಳಂದ ಸಿಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಊರುಗಳೆಲ್ಲವೂ ಹೈದರಾಬಾದ್ ರಾಜ್ಯದ ನೆಲವೇ ಆಗಿದ್ದವು. ಒಬ್ಬನಲ್ಲದೆ ಮತ್ತೊಬ್ಬ ದೇವರನ್ನು ಒಲ್ಲೆನೆಂದು ಹೆಸರಾದ ಶಿವಭಕ್ತ ಏಕಾಂತದ ರಾಮಯ್ಯ ಹುಟ್ಟಿದ್ದು ಈ ಆಳಂದದಲ್ಲಿ, ಶಾಸನದ ಮಾತಿನಲ್ಲಿ ಹೇಳುವುದಾದರೆ ಕುಂತಲದೇಶದ ಅಲಂದೆಯಲ್ಲಿ. ಹಲವು ದೇವರ ನವರಂಗವನ್ನೂ ಒಬ್ಬನೇ ದೇವರ ಭಕ್ತನನ್ನೂ ಒಂದೇ ಸೀಮೆ ಪಡೆದಿದೆ. ಈರ್ಷ್ಯೆ ಪಾಪವಾದರೆ ಅನ್ಯದೈವವನ್ನು ಸಹಿಸದ ದೇವರನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಯನ್ನು ಕನ್ನಡದೊಳಗಿನಿಂದ ಕೇಳುವುದಕ್ಕೆ ಇದಕ್ಕಿಂತ ತಕ್ಕ ನೆಲ ಅಪರೂಪ.

ಪ್ರಶ್ನೆ ಅದರ ಪ್ರಸಿದ್ಧ ರೂಪದಲ್ಲಿ ಹೀಬ್ರೂ ಬೈಬಲಿನದು. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದ ದಶಾಜ್ಞೆಗಳಲ್ಲಿ ದೇವರು ತನ್ನನ್ನು ವರ್ಣಿಸಿಕೊಳ್ಳಲು ಬಳಸುವ ಪದ ‘ಕಿನ್‌ಆ’ ಎಂಬ ನಾಮಪದದ ಧಾತುವಿನಿಂದಲೇ ಬಂದದ್ದು. ಜ್ಞಾನೋಕ್ತಿಗಳ ಹದಿನಾಲ್ಕನೆಯ ಅಧ್ಯಾಯವಾದರೋ ಅದೇ ಕಿನ್‌ಆವನ್ನು ಎಲುಬಿಗೆ ಹತ್ತಿದ ಕೊಳೆತವೆನ್ನುತ್ತದೆ. ಗ್ರೀಕಿನಲ್ಲಿ ಇದಕ್ಕೆ ಸಂವಾದಿಯಾದುದು ‘ಝೇಲೋಸ್’. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ದೇಹಭಾವದ ದುಷ್ಕರ್ಮಗಳ ಪಟ್ಟಿಗೆ ಸೇರಿಸುತ್ತಾನೆ; ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರೀತಿಗೆ ಅದಿಲ್ಲವೆನ್ನುತ್ತಾನೆ; ಅದೇ ಸಭೆಗೆ ಬರೆದ ಎರಡನೆಯ ಪತ್ರದಲ್ಲಿ ತನ್ನಲ್ಲಿರುವುದು ದೇವರ ಝೇಲೋಸ್ ಎಂದು ಹೇಳಿಕೊಳ್ಳುತ್ತಾನೆ. ಒಂದೇ ಪದ ಒಂದೆಡೆ ರೋಗ, ಇನ್ನೊಂದೆಡೆ ದೈವಗುಣ. ಯಹೂದಿ ವ್ಯಾಖ್ಯಾನಗ್ರಂಥವಾದ ಮೆಖಿಲ್ತಾ ಈ ತೊಡಕನ್ನು ಬಿಡಿಸಲೆತ್ನಿಸಿ, ಈರ್ಷ್ಯೆಯನ್ನು ಆಳುವವನು ದೇವರೇ ಹೊರತು ಈರ್ಷ್ಯೆ ದೇವರನ್ನು ಆಳುವುದಿಲ್ಲವೆಂದಿತು. ಗ್ರೀಕ್ ತತ್ತ್ವಚಿಂತನೆ ಬೇರೆ ದಾರಿ ಹಿಡಿಯಿತು. ಹೆರೊಡೊಟಸನ ಸೋಲೋನ್ ದೈವವು ಕರುಬುವಂಥದ್ದೆಂದು ಎಚ್ಚರಿಸಿದರೆ, ಪ್ಲೇಟೋ ತನ್ನ ಟಿಮಾಯಸ್ ಸಂವಾದದಲ್ಲಿ ಒಳ್ಳೆಯವನಿಗೆ ಕರುಬು ಎಂದಿಗೂ ಹುಟ್ಟದೆಂದು ಅದನ್ನು ನಿರಾಕರಿಸಿದನು.

ಈ ಪದ ಗಡಿಸೀಮೆಯ ಎರಡು ಭಾಷೆಗಳಿಗೆ ಇಳಿದಾಗ ನಡೆದದ್ದು ಗಮನಾರ್ಹ. ಮರಾಠಿಯ ಪ್ರಚಲಿತ ಬೈಬಲು ಈರ್ಷ್ಯೆಯನ್ನು ವಿಶೇಷಣವಾಗಿಯೇ ದೇವರಿಗೆ ಹಚ್ಚುತ್ತದೆ. ಕನ್ನಡದ ಪ್ರಚಲಿತ ಬೈಬಲು ಆ ಪದವನ್ನು ತೊರೆದು, ತನಗೆ ಸೇರಬೇಕಾದ ಮಾನ್ಯತೆ ಬೇರೆಯವರ ಪಾಲಾಗುವುದನ್ನು ಒಪ್ಪದವನು ಎಂಬ ಅರ್ಥ ಬರುವಂತೆ ಬಿಡಿಸಿ ಹೇಳುತ್ತದೆ. ರೋಷವೆಂಬ ಪದವನ್ನು ಆಯ್ದುಕೊಂಡ ಅನುವಾದವೂ ಉಂಟು. ಇದನ್ನು ಕೇವಲ ಅಳುಕು ಎನ್ನಲಾಗದು. ಕನ್ನಡದಲ್ಲಿ ಮತ್ಸರವು ಅರಿಷಡ್ವರ್ಗದ ಆರನೆಯದು; ಆಡುಮಾತಿನಲ್ಲಿ ಅದು ಹೊಟ್ಟೆಕಿಚ್ಚು, ತನ್ನ ಒಡಲನ್ನೇ ಸುಡುವ ಬೆಂಕಿ. ಸಂಸ್ಕೃತದ ಅಮರಕೋಶ ಈರ್ಷ್ಯೆಯನ್ನು ಅಕ್ಷಾಂತಿ, ಎಂದರೆ ಸಹಿಸದಿರುವಿಕೆ ಎಂದೂ ಅಸೂಯೆಯನ್ನು ಗುಣದಲ್ಲೂ ದೋಷ ಹೊರಿಸುವುದೆಂದೂ ಬೇರ್ಪಡಿಸಿತು. ಇಂಥ ಪದಗಳಲ್ಲಿ ಯಾವುದನ್ನು ದೇವರ ಬಾಯಲ್ಲಿಟ್ಟರೂ ಓದುಗನು ಬೆಚ್ಚುತ್ತಾನೆ. ದೇವಲೋಕದಲ್ಲಿ ಈರ್ಷ್ಯೆಯೇ ಇಲ್ಲವೆಂದು ಇದರರ್ಥವಲ್ಲ. ನಳದುರ್ಗ, ಅಣದೂರು ಕಡೆಯ ಖಂಡೋಬನಿಗೆ ಮ್ಹಾಳಸಾ ಮತ್ತು ಬಾಣಾಯಿ ಎಂಬ ಇಬ್ಬರು ಮಡದಿಯರು. ಅವರ ಜಗಳ ಜನಪದರಿಗೆ ನಗೆಯ ವಸ್ತು. ಆದರೆ ಅದು ಸವತಿ ಮತ್ಸರ, ದೇವರ ಸಂಸಾರದ ಒಳಗಿನ ಮಾತು. ಭಕ್ತನು ಬೇರೆಡೆಗೆ ಹೋದನೆಂದು ದೇವರು ಕರುಬುವುದು ಬೇರೆಯೇ ಸಂಗತಿ.

ಆ ಸಂಗತಿಗೆ ಕನ್ನಡದಲ್ಲಿ ಅತ್ಯಂತ ಸಮೀಪದ ದಾಖಲೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ. ಕಾಲ ಸುಮಾರು 1200. ಜೆ. ಎಫ್. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶೈವ ಪುನರುತ್ಥಾನದ ನಿಜವಾದ ಕರ್ತೃ ಬಸವಣ್ಣನೋ ರಾಮಯ್ಯನೋ ಎಂಬ ಕಾಲನಿರ್ಣಯದ ಚರ್ಚೆಗೆ ಅದು ಬಹುಕಾಲ ಆಕರವಾಯಿತು. ಪ್ರಸ್ತುತ ಪ್ರಶ್ನೆಗೆ ಬೇಕಾದುದು ಅದರ ಕಥನಕ್ರಮ. ಕೈಲಾಸದ ಓಲಗದಲ್ಲಿ ನಾರದನು ಭೂಲೋಕದಲ್ಲಿ ಜೈನ, ಬೌದ್ಧ ಸಮಯಗಳು ಪ್ರಬಲಿಸಿವೆಯೆಂದು ಶಿವನಿಗೆ ಅರಿಕೆ ಮಾಡುತ್ತಾನೆ. ಆ ಸಮಯಗಳನ್ನು ನಿಯಂತ್ರಿಸುವವನೊಬ್ಬನು ನಿನ್ನ ಅಂಶದಿಂದ ಹುಟ್ಟಲಿ ಎಂದು ಶಿವನು ವೀರಭದ್ರನಿಗೆ ಹೇಳುತ್ತಾನೆ. ಹೀಗೆ ಪುರುಷೋತ್ತಮಭಟ್ಟನ ಮಗನಾಗಿ ಹುಟ್ಟಿದ ರಾಮನು ಅನನ್ಯವಾದ ಏಕಾಂತಭಕ್ತಿಯಿಂದ ಏಕಾಂತದ ರಾಮಯ್ಯನೆನಿಸಿದನು. ಮುಂದೆ ಅಬ್ಬಲೂರಿನಲ್ಲಿ ಶಂಕಗಾವುಂಡನೇ ಮೊದಲಾದ ಜೈನರೊಡನೆ ವಾದ ಬೆಳೆಯುತ್ತದೆ. ರಾಮಯ್ಯ ತನ್ನ ತಲೆಯನ್ನರಿದು ಶಿವನಿಂದ ಮರಳಿ ಪಡೆದರೆ ಜಿನನಿದ್ದೆಡೆಯಲ್ಲಿ ಶಿವನ ಪ್ರತಿಷ್ಠೆಯಾಗಬೇಕೆಂಬ ಪಣ ಓಲೆಗೇರುತ್ತದೆ. ತಲೆ ಏಳನೆಯ ದಿನ ಕಲೆಯೂ ಇಲ್ಲದೆ ಕೂಡಿಕೊಳ್ಳುತ್ತದೆ. ಎದುರಾಳಿಗಳು ಮಾತಿಗೆ ತಪ್ಪಲು ರಾಮಯ್ಯ ಜಿನಬಿಂಬವನ್ನು ಒಡೆಯುತ್ತಾನೆ. ದೂರು ಕಲಚುರಿ ಬಿಜ್ಜಳನವರೆಗೆ ಹೋಗುತ್ತದೆ. ಬಸದಿಗಳನ್ನೆಲ್ಲ ಪಣಕ್ಕೊಡ್ಡಿದರೆ ಮತ್ತೊಮ್ಮೆ ತಲೆಯನ್ನರಿಯುವೆನೆಂದು ರಾಮಯ್ಯ ಸವಾಲೆಸೆಯುತ್ತಾನೆ, ಜೈನರು ಒಪ್ಪುವುದಿಲ್ಲ. ಬಿಜ್ಜಳನು ರಾಮಯ್ಯನಿಗೆ ಜಯಪತ್ರವಿತ್ತು ಗೋಗಾವೆಯೆಂಬ ಗ್ರಾಮವನ್ನು ದತ್ತಿ ಬಿಡುತ್ತಾನೆ.

ಈ ಕಥನದಲ್ಲಿ ಎರಡು ಅಂಶಗಳು ವಿಚಾರಾರ್ಹ. ಮೊದಲನೆಯದು, ಶಿವನಿಗೆ ಇಲ್ಲಿ ಮತ್ಸರವನ್ನು ಆರೋಪಿಸಿಲ್ಲ. ಸುದ್ದಿ ತರುವವನು ನಾರದ, ಕೆಲಸಕ್ಕಿಳಿಯುವವನು ವೀರಭದ್ರನ ಅಂಶಸಂಭೂತನಾದ ಮನುಷ್ಯ. ದೇವರ ಅಸಹನೆ ಪ್ರತಿನಿಧಿಗೆ ವರ್ಗವಾಗುತ್ತದೆ. ಅರಣ್ಯಕಾಂಡದ ಇಪ್ಪತ್ತೈದನೆಯ ಅಧ್ಯಾಯದ ಫೀನೆಹಾಸನ ಪ್ರಸಂಗ ಇದಕ್ಕೆ ಸಮಾಂತರ. ಅನ್ಯದೈವದ ಸೆಳೆತಕ್ಕೆ ಜನ ಸಿಕ್ಕಿದಾಗ ಅವನು ಈಟಿ ಹಿಡಿದು ಇಬ್ಬರನ್ನು ಇರಿಯುತ್ತಾನೆ. ತನ್ನ ಕಿನ್‌ಆವನ್ನೇ ಇವನು ತಾಳಿದನೆಂದು ದೇವರು ಮೆಚ್ಚುತ್ತಾನೆ. ಎರಡೂ ಪರಂಪರೆಗಳಲ್ಲಿ ತೊಡಕು ನಿಜವಾಗಿ ಬಿಗಿಯುವುದು ದೇವರ ಮನಸ್ಸಿನಲ್ಲಲ್ಲ, ದೇವರ ಪರವಾಗಿ ಕೈಯೆತ್ತಿದವನ ಮನಸ್ಸಿನಲ್ಲಿ. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ರಾಮಯ್ಯನ ಕತ್ತಿ ಮೊದಲು ಬೀಳುವುದು ತನ್ನದೇ ಕೊರಳ ಮೇಲೆ.

ಎರಡನೆಯದು, ಬಿಂಬಭಂಗಕ್ಕೆ ಶಾಸನ ಕೊಡುವ ಸಮರ್ಥನೆ ದೇವರ ಅಸಹನೆಯಲ್ಲ, ಮುರಿದ ಕರಾರು. ಓಲೆ, ಪಣ, ಅರಸನ ಮುಂದಿನ ವಿಚಾರಣೆ, ಜಯಪತ್ರ, ಇವೆಲ್ಲ ವ್ಯವಹಾರನ್ಯಾಯದ ಪರಿಭಾಷೆ. ನನ್ನ ದೇವರು ಸಹಿಸನು ಎಂಬಷ್ಟರಿಂದಲೇ ಅನ್ಯರ ಬಿಂಬವನ್ನು ಒಡೆಯುವುದು ಸಿಂಧುವಾಗದೆಂಬ ಅರಿವು ಶಾಸನಕವಿಗೆ ಇದ್ದಿರಬೇಕು. ಇಲ್ಲದಿದ್ದರೆ ಇಷ್ಟು ಕಾಗದಪತ್ರದ ಆಸರೆ ಬೇಕಿರಲಿಲ್ಲ. ಹರಿಹರನೂ ಏಕಾಂತ ರಾಮಿತಂದೆಯ ರಗಳೆಯನ್ನು ಬರೆದು ಈ ಭಕ್ತನನ್ನು ಕೊಂಡಾಡಿದನು. ಆದರೆ ಶಾಸನವಾಗಲಿ ರಗಳೆಯಾಗಲಿ ಗೆದ್ದವರ ಕಡೆಯ ಬರಹ. ಪಣದ ಓಲೆಯ ಬಗ್ಗೆ ಅಬ್ಬಲೂರಿನ ಜೈನರು ಏನು ಹೇಳುತ್ತಿದ್ದರೆಂಬುದಕ್ಕೆ ಇವುಗಳಲ್ಲಿ ಎಡೆಯಿಲ್ಲ. ಬಿಂಬ ಒಡೆದ ನೋವನ್ನು ಕರಾರಿನ ಮಾತು ಮುಚ್ಚಬಲ್ಲುದು, ಅಳಿಸಲಾರದು.

ಹಾಗಾದರೆ ಏಕನಿಷ್ಠೆಯೆಂಬುದೇ ಮತ್ಸರದ ಸಭ್ಯ ಹೆಸರೋ? ಇಲ್ಲಿ ವಚನಗಳ ಪರಿಭಾಷೆಯನ್ನು ನೋಡಬೇಕು. ಬೈಬಲಿನ ಹೋಶೇಯ ಮುಂತಾದ ಪ್ರವಾದಿಗಳಲ್ಲಿ ದೇವರು ಗಂಡ, ಇಸ್ರಾಯೇಲು ಹೆಂಡತಿ. ಮಾತಾಡುವವನು ಹೆಂಡತಿ ಕೈತಪ್ಪಿದ ನೋವಿನಲ್ಲಿರುವ ಗಂಡ. ಶರಣಸತಿ ಲಿಂಗಪತಿ ಎಂಬ ಭಾವದಲ್ಲೂ ದಾಂಪತ್ಯವೇ ರೂಪಕ, ಆದರೆ ಮಾತಾಡುವವಳು ಹೆಂಡತಿ. ಗಂಡನು ಕಾವಲು ಕಾಯುವುದಿಲ್ಲ; ಒಬ್ಬನನ್ನೇ ನೆಚ್ಚುವೆನೆಂದು ಇವಳೇ ತನಗೆ ತಾನು ವಿಧಿಸಿಕೊಂಡಿದ್ದಾಳೆ. ದೇವರ ಈರ್ಷ್ಯೆಯ ಜಾಗದಲ್ಲಿ ಭಕ್ತನ ನಿಷ್ಠೆ ಬಂದು ನಿಲ್ಲುತ್ತದೆ. ಈ ನಿಷ್ಠೆಗೆ ಬಸವಣ್ಣನವರು ಇಟ್ಟ ಹೆಸರು ಛಲ. ಶರಣನಿಗಿರಬೇಕಾದ ಛಲಗಳನ್ನು ಎಣಿಸುವ ಅವರ ಪ್ರಸಿದ್ಧ ವಚನವೊಂದು ಪರಧನ, ಪರಸತಿ, ಪರದೈವ ಈ ಮೂರನ್ನು ಒಂದೇ ಸಾಲಿನಲ್ಲಿಟ್ಟು ಮೂರನ್ನೂ ಒಲ್ಲೆನೆನ್ನುತ್ತದೆ. ಈ ಜೋಡಣೆಯಲ್ಲಿ ಪ್ರಶ್ನೆಗೆ ಉತ್ತರವಿದೆಯೆಂದು ನನ್ನ ತಿಳಿವಳಿಕೆ. ಮತ್ಸರವು ಪರರದ್ದರ ಕಡೆಗೆ ಚಾಚಿದ ಕೈ. ಛಲವು ಪರರದ್ದರಿಂದ ಹಿಂದೆಗೆದ ಕೈ. ಎರಡರ ಕಾವೂ ಒಂದೇ, ದಿಕ್ಕು ಬೇರೆ. ಪರಧನವನ್ನು ಒಲ್ಲೆನೆಂದವನು ಪರರ ಧನವನ್ನು ಸುಟ್ಟುಹಾಕುವುದಿಲ್ಲ, ಮುಟ್ಟದೆ ಬಿಡುತ್ತಾನೆ. ಅದೇ ತರ್ಕದಿಂದ ಪರದೈವವನ್ನು ಒಲ್ಲೆನೆಂದವನಿಗೆ ಅದನ್ನು ಒಡೆಯುವ ಅಧಿಕಾರ ಹುಟ್ಟುವುದಿಲ್ಲ. ಅಂತರಂಗ ಬಹಿರಂಗಗಳ ಶುದ್ಧಿಯನ್ನು ಹೇಳುವ ವಚನದಲ್ಲಿ ಬಸವಣ್ಣನವರು ಅನ್ಯರ ಬಗೆಗಿನ ಅಸಹ್ಯವನ್ನು ಕಳವು, ಕೊಲೆಗಳ ಜೊತೆಗೇ ನಿಷೇಧಿಸಿದ್ದಾರೆ. ಅಮರಕೋಶದ ಅಕ್ಷಾಂತಿಗೂ ಈ ಅಸಹ್ಯಕ್ಕೂ ಧಾತು ಬೇರೆ, ಅರ್ಥ ಒಂದೇ.

ಮರಾಠಿಯ ಕಡೆಯಿಂದಲೂ ಇದಕ್ಕೆ ಪೂರಕವಾದ ಸಾಕ್ಷ್ಯವಿದೆ. ಹದಿಮೂರನೆಯ ಶತಮಾನದಲ್ಲಿ ಚಕ್ರಧರಸ್ವಾಮಿಗಳಿಂದ ಬೆಳೆದ ಮಹಾನುಭಾವ ಪಂಥವು ಜೀವ, ದೇವತೆ, ಪ್ರಪಂಚ, ಪರಮೇಶ್ವರ ಎಂಬ ನಾಲ್ಕು ನಿತ್ಯಪದಾರ್ಥಗಳನ್ನು ಒಪ್ಪುತ್ತದೆ. ದೇವತೆಗಳು ಇದ್ದಾರೆ, ಅವರ ಆರಾಧನೆಗೆ ಫಲವೂ ಇದೆ. ಮೋಕ್ಷ ಮಾತ್ರ ಪರಮೇಶ್ವರನಿಂದ. ಇಷ್ಟು ಕಟ್ಟುನಿಟ್ಟಾದ ಅನನ್ಯತೆಗೂ ಕರುಬುವ ದೇವರ ಅಗತ್ಯ ಬೀಳಲಿಲ್ಲ. ಪಂಥವು ಮಾನ್ಯ ಮಾಡುವ ಭಗವದ್ಗೀತೆಯಲ್ಲೂ, ಭಕ್ತನು ಶ್ರದ್ಧೆಯಿಂದ ಯಾವ ರೂಪವನ್ನು ಅರ್ಚಿಸಬಯಸಿದರೂ ಆ ಶ್ರದ್ಧೆಯನ್ನು ಅಚಲಗೊಳಿಸುವವನು ತಾನೇ ಎಂದು ಏಳನೆಯ ಅಧ್ಯಾಯದಲ್ಲಿ ಕೃಷ್ಣನು ಹೇಳುತ್ತಾನೆ. ಮರಾಠಿ ಮಾತಾಡುವ ಲಿಂಗಾಯತರು ಗೌರವಿಸುವ ಮನ್ಮಥಸ್ವಾಮಿಗಳ ಪರಮರಹಸ್ಯದ ಮೂಲಕ ಏಕನಿಷ್ಠೆಯ ಭಾಷೆ ಮರಾಠಿಗೂ ದಾಟಿತು. ಗಡಿಯ ಈಚೆ ಆಚೆಗಳಲ್ಲಿ ಅನನ್ಯತೆ ಹೀಗೆ ಭಕ್ತನ ವ್ರತವಾಗಿ ಬೆಳೆಯಿತು.

ಆದ್ದರಿಂದ ದೇವರ ಈರ್ಷ್ಯೆಯೂ ಈರ್ಷ್ಯೆಯ ಪಾಪತ್ವವೂ ಹೊಂದಿಕೊಳ್ಳಬಲ್ಲವೇ ಎಂಬ ಪ್ರಶ್ನೆಗೆ ಕನ್ನಡದ ಉತ್ತರ ಷರತ್ತಿನದು. ಏಕನಿಷ್ಠೆ ಒಪ್ಪಿಕೊಂಡವರಿಬ್ಬರ ನಡುವಿನ ಮಾತಾಗಿರುವವರೆಗೆ ಅದು ಛಲ, ಅದರಲ್ಲಿ ಪಾಪವಿಲ್ಲ. ಆ ಮಾತಿಗೆ ಸೇರದ ಮೂರನೆಯವನ ಗುಡಿಯ ಹೊಸ್ತಿಲನ್ನು ಅದು ದಾಟಿದ ಕ್ಷಣ ಅದು ಅರಿಷಡ್ವರ್ಗದ ಆರನೆಯದೇ. ದೇವರ ಹೆಸರು ಅದಕ್ಕೆ ವಿನಾಯಿತಿ ಕೊಡಲಾರದು. ತನ್ನ ಕೊರಳಿಗೆ ಕತ್ತಿಯಿಟ್ಟ ರಾಮಯ್ಯ ಛಲದ ತುದಿಯಲ್ಲಿದ್ದಾನೆ. ಬಿಂಬಕ್ಕೆ ಕೈಯೆತ್ತಿದ ರಾಮಯ್ಯನನ್ನು ಸಮರ್ಥಿಸಲು ಶಾಸನಕ್ಕೆ ಓಲೆಯೂ ಅರಸನೂ ಬೇಕಾದರು. ಇಬ್ಬರೂ ಒಬ್ಬನೇ ಮನುಷ್ಯನೆಂಬುದನ್ನು ಮರೆಯದೆ ಓದುವುದು ಇವನನ್ನು ನಮ್ಮವನೆಂದು ಎಣಿಸುವ ಸೀಮೆಯವರ ಹೊಣೆ.