ಸೌಥಾಲಿನ ಡೊಮಿನಿಯನ್ ಚಿತ್ರಮಂದಿರ

ಲಂಡನ್ನಿನ ಪಶ್ಚಿಮದಂಚಿನ ಸೌಥಾಲ್ ಎಂಬ ಊರಿಗೆ 1950ರ ದಶಕದಲ್ಲಿ ಬಂದು ನೆಲಸಿದ ಭಾರತೀಯರು ಬಹುಮಟ್ಟಿಗೆ ಪಂಜಾಬಿನ ಒಕ್ಕಲು ಮನೆತನಗಳ ಗಂಡಸರು. ಸಮೀಪದ ವುಲ್ಫ್ ರಬ್ಬರ್ ಕಾರ್ಖಾನೆಯಂಥ ಕಡೆಗಳಲ್ಲಿ ಹಗಲಿರುಳೆನ್ನದೆ ಪಾಳಿಯ ಮೇಲೆ ದುಡಿದು, ಬಾಡಿಗೆಯ ಕೋಣೆಗಳಲ್ಲಿ ಹಲವರು ಒಟ್ಟಾಗಿ ಬೇಯಿಸಿಕೊಂಡು ಉಂಡು, ಉಳಿದ ಹಣವನ್ನು ಊರಿಗೆ ಕಳುಹುತ್ತಿದ್ದ ಅವರಿಗೆ ಇಂಗ್ಲೆಂಡಿನ ಭಾನುವಾರವೆಂಬುದು ಅಂಗಡಿಗಳೆಲ್ಲ ಮುಚ್ಚಿ ಬೀದಿಗಳು ಬಿಕೋ ಎನ್ನುವ ದಿನವಾಗಿತ್ತು. 1957ರಲ್ಲಿ ಅಲ್ಲಿ ಸ್ಥಾಪಿತವಾದ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್, ವಾರದ ಕೊನೆಯಲ್ಲಿ ಇಂಗ್ಲಿಷರ ಟಾಕೀಸನ್ನು ಕೆಲವು ಗಂಟೆಗಳ ಮಟ್ಟಿಗೆ ಬಾಡಿಗೆಗೆ ಹಿಡಿದು ಹಿಂದಿ ಚಿತ್ರಗಳನ್ನು ತೋರಿಸತೊಡಗಿತು.

ಹೀಗೆ ಚಿತ್ರಮಂದಿರಗಳು ಸುಲಭವಾಗಿ ದೊರೆತುದಕ್ಕೆ ಕಾರಣ ಆತಿಥೇಯರ ಔದಾರ್ಯವಲ್ಲ, ಅವರ ಮನೆಗಳಿಗೆ ಬಂದ ಟೆಲಿವಿಷನ್. 1946ರಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ 163 ಕೋಟಿ ಟಿಕೆಟ್ಟುಗಳು ಮಾರಾಟವಾಗಿದ್ದುವು. 1970ರಲ್ಲಿ ಆ ಸಂಖ್ಯೆ 20 ಕೋಟಿಯನ್ನೂ ಮುಟ್ಟಲಿಲ್ಲ. ಚಿತ್ರಮಂದಿರಗಳ ಬೆಲೆ ಕುಸಿದ ಆ ಕಾಲದಲ್ಲಿಯೇ, 1960ರ ದಶಕದ ಉತ್ತರಾರ್ಧದಲ್ಲಿ, 1935ರಷ್ಟು ಹಿಂದೆ ಕಟ್ಟಲಾಗಿದ್ದ ಡೊಮಿನಿಯನ್ ಚಿತ್ರಮಂದಿರವನ್ನು ಈ ಕಾರ್ಮಿಕರ ಸಂಘವು ಕೊಂಡುಕೊಂಡಿತು. ಪರದೇಶದಲ್ಲಿ ಕೂಲಿಗೆ ಬಂದವರು ಸಂಘ ಕಟ್ಟಿ, ಆ ಸಂಘದ ಹೆಸರಿನಲ್ಲಿ ಚಿತ್ರಮಂದಿರಕ್ಕೆ ಒಡೆಯರಾದ ಇಂಥ ಪ್ರಸಂಗ ವಿರಳವಾದುದು. ಟಿಕೆಟ್ಟಿನ ಹಣ ಸಂಘದ ಬೊಕ್ಕಸಕ್ಕೆ ಸೇರಿ, ಅರ್ಜಿ ಬರೆಸಿಕೊಳ್ಳಲು ಬಂದ ಅಕ್ಷರವರಿಯದವನ ನೆರವಿಗೂ ಕೆಲಸಗಾರರ ಹೋರಾಟಗಳಿಗೂ ಒದಗಿತು.

ಹೆಂಡಿರು ಮಕ್ಕಳು ಬಂದು ಸೇರಿದ ಮೇಲೆ ಸಿನಿಮಾ ಸಂಸಾರದ ಹಬ್ಬವಾಯಿತು. ಚಳಿಗಾಲದ ದಪ್ಪ ಕೋಟಿನ ಕೆಳಗೆ ಮದುವೆಗೆಂದು ಹೊಲಿಸಿದ ರೇಷ್ಮೆಯ ಸಲ್ವಾರ್ ತೊಟ್ಟ ಹೆಂಗಸರು, ಗಡಿಯ ಆಚೆಯಿಂದ ಬಂದ ಪಾಕಿಸ್ತಾನದವರು, ಕೈಗೂಸುಗಳು ಎಲ್ಲರೂ ಒಂದೇ ಸೂರಿನಡಿ ಕುಳಿತು ಅತ್ತು ನಕ್ಕು, ಮಧ್ಯಂತರದಲ್ಲಿ ಸಮೋಸ ಹಂಚಿಕೊಳ್ಳುತ್ತ, ಯಾವ ಕಾರ್ಖಾನೆಯಲ್ಲಿ ಆಳು ಬೇಕಾಗಿದೆ, ಯಾರ ಮನೆಯಲ್ಲಿ ಕೋಣೆ ತೆರವಾಗಿದೆ, ಯಾರ ಮಗಳಿಗೆ ವರ ಹುಡುಕುತ್ತಿದ್ದಾರೆ ಎಂಬುದನ್ನು ವಿಚಾರಿಸಿಕೊಳ್ಳುತ್ತಿದ್ದರು.

ನಾನು ಡೊಮಿನಿಯನ್ನನ್ನು ಮನರಂಜನೆಯ ತಾಣವೆಂದಷ್ಟೇ ಎಣಿಸಲಾರೆ. 1976ರ ಜೂನ್ 4ರಂದು ಗುರ್ದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷ ವಯಸ್ಸಿನ ವಿದ್ಯಾರ್ಥಿ ಇದರ ಎದುರಿನಲ್ಲೇ ಇರಿತಕ್ಕೆ ಬಲಿಯಾದಾಗ, ದುಃಖವೂ ಕ್ರೋಧವೂ ಮಡುಗಟ್ಟಿದ ಜನ ಸಭೆ ಸೇರಿದುದು ಇದೇ ಚಿತ್ರಮಂದಿರದೊಳಗೆ. ಆ ದಿನಗಳ ಕಾವಿನಿಂದಲೇ ಸೌಥಾಲ್ ಯೂತ್ ಮೂವ್‌ಮೆಂಟ್ ಎಂಬ ಯುವಕರ ಸಂಘಟನೆ ಹುಟ್ಟಿತು. 1979ರ ಏಪ್ರಿಲ್ 23ರಂದು ವಲಸಿಗರನ್ನು ವಿರೋಧಿಸುತ್ತಿದ್ದ ನ್ಯಾಷನಲ್ ಫ್ರಂಟ್ ಎಂಬ ಪಕ್ಷದ ವಿರುದ್ಧದ ಪ್ರತಿಭಟನೆಯಲ್ಲಿ ತಲೆಗೆ ಪೆಟ್ಟು ಬಿದ್ದು ಮಡಿದ ನ್ಯೂಜಿಲೆಂಡಿನ ಉಪಾಧ್ಯಾಯ ಬ್ಲೇರ್ ಪೀಚ್ ಅವರ ಶರೀರವನ್ನು ಅಂತ್ಯಕ್ರಿಯೆಯ ಹಿಂದಿನ ದಿನ ದರ್ಶನಕ್ಕಿರಿಸಿದುದೂ ಇಲ್ಲಿಯೇ. ತಮಗಾಗಿ ಪ್ರಾಣ ತೆತ್ತ ಅನ್ಯದೇಶೀಯನಿಗೆ ಸಾವಿರಾರು ಜನ ಸಾಲುಗಟ್ಟಿ ಬಂದು ಕೈಮುಗಿದರು.

ಅಷ್ಟರಲ್ಲಿ ಮನೆಮನೆಗೂ ವಿಡಿಯೋ ಕ್ಯಾಸೆಟ್ಟು ಹೊಕ್ಕು ಭಾನುವಾರದ ಜನಸಂದಣಿ ಕರಗಿತು. ಅದೇ ಊರಿನಲ್ಲಿ 1929ರಲ್ಲಿ ಜಾರ್ಜ್ ಕೋಲ್ಸ್ ಚೀನೀ ಶೈಲಿಯಲ್ಲಿ ರಚಿಸಿದ ಪ್ಯಾಲೇಸ್ ಚಿತ್ರಮಂದಿರ, ಲಿಬರ್ಟಿ ಎಂಬ ಹೆಸರಿನಲ್ಲಿ ಹಿಂದಿ ಚಿತ್ರಗಳನ್ನು ತೋರಿಸುತ್ತಿದ್ದುದು, 1982ರಲ್ಲಿ ಬಾಗಿಲು ಹಾಕಿತು. ಅದರ ವಿಚಿತ್ರ ಸೌಂದರ್ಯಕ್ಕೆ ಮನಸೋತ ಕಾನೂನು ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಡೊಮಿನಿಯನ್ನನ್ನಾದರೋ 1980ರ ದಶಕದ ಆರಂಭದಲ್ಲಿ ಕೆಡವಿ, ಆ ನಿವೇಶನದಲ್ಲಿ ಸಮುದಾಯ ಕೇಂದ್ರವೊಂದನ್ನು ಕಟ್ಟಿದರು. ಹೊಸ ಕಟ್ಟಡ ಉಪಯುಕ್ತವಾದುದೇ, ಹಳೆಯ ಹೆಸರನ್ನೂ ಉಳಿಸಿಕೊಂಡಿದೆ. ಆದರೂ ಒಂದನ್ನೇ ಉಳಿಸಬೇಕಾಗಿದ್ದಿದ್ದರೆ ಉಳಿಯಬೇಕಾಗಿದ್ದುದು ಡೊಮಿನಿಯನ್ ಎಂದೇ ನನ್ನ ಅಭಿಪ್ರಾಯ.